ಸಿಂಗಳೀಕವನ್ನು ನೋಡಲು ಕಲಿಯುವ ಬಗೆ: ಆನೆಗೊಂದಿಯಿಂದ ಅಘನಾಶಿನಿಯವರೆಗೆ

ಸಿಂಗಳೀಕವನ್ನು ನೋಡಬೇಕೆಂಬ ಆಸೆಯಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಶಿರಸಿ, ಸಿದ್ದಾಪುರ, ಸಾಗರಗಳತ್ತ ಹೊರಡುವ ವಿದ್ಯಾರ್ಥಿಗಳಿಗೂ ಅವರನ್ನು ಕರೆದೊಯ್ಯುವ ಶಿಕ್ಷಕರಿಗೂ ನೆರವಾಗಲೆಂದು ಈ ಬರಹ. ಪ್ರಯಾಣದ ವಿವರಗಳಿಗೆ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕೋತಿಗಳನ್ನು ಗಮನಿಸುವ ಅಭ್ಯಾಸವನ್ನು ನಮ್ಮ ಊರಿನಲ್ಲೇ, ನಮ್ಮ ಬಂಡೆಗಳ ನಡುವೆಯೇ ಮಾಡಿಕೊಳ್ಳದೆ ಮಳೆಕಾಡಿಗೆ ಹೋದವರಿಗೆ ಸಿಂಗಳೀಕ ಕಂಡರೂ ಕಂಡಂತಾಗುವುದಿಲ್ಲ. ಇಪ್ಪತ್ತು ಮೂವತ್ತು ಮೀಟರ್ ಎತ್ತರದ ಕೊಂಬೆಗಳಲ್ಲಿ, ದಟ್ಟ ಎಲೆಗಳ ನೆರಳಿನಲ್ಲಿ, ಕಪ್ಪು ಮೈಯ ಪ್ರಾಣಿಯೊಂದು ಕೆಲವೇ ನಿಮಿಷ ಕಾಣಿಸಿಕೊಂಡು ಮರೆಯಾಗುತ್ತದೆ. ಅಷ್ಟರೊಳಗೆ ಅದು ಗಂಡೋ ಹೆಣ್ಣೋ, ಏನು ತಿನ್ನುತ್ತಿತ್ತು, ಜೊತೆಗೆ ಎಷ್ಟಿದ್ದವು, ಯಾವ ದಿಕ್ಕಿಗೆ ಹೋದವು ಎಂಬುದನ್ನೆಲ್ಲ ಹಿಡಿದಿಡಬೇಕಾದರೆ ಕಣ್ಣೂ ಕೈಯೂ ಮೊದಲೇ ಪಳಗಿರಬೇಕು. ಹಾಗೆ ಪಳಗಿಸಿಕೊಳ್ಳಲು ಬೇಕಾದಷ್ಟು ಕೋತಿಗಳು ಆನೆಗೊಂದಿ, ಅಂಜನಾದ್ರಿ, ಸಂಡೂರು ಮೊದಲಾದ ಕಡೆ ನಮ್ಮ ಸುತ್ತಲೇ ಇವೆ.

ಪ್ರಾಣಿಯ ಪರಿಚಯ

ಸಿಂಗಳೀಕ ಪಶ್ಚಿಮ ಘಟ್ಟಗಳ ಪ್ರಾಣಿ. ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಮಳೆಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಲಿನೇಯಸ್ 1758ರಲ್ಲೇ ಇದನ್ನು ವರ್ಣಿಸಿ ಹೆಸರಿಟ್ಟಿದ್ದನು. ಮಕಾಕಾ ಸಿಲೆನಸ್ ಎಂಬುದು ಈಗ ಬಳಕೆಯಲ್ಲಿರುವ ವೈಜ್ಞಾನಿಕ ಹೆಸರು. ಮೈಯೆಲ್ಲ ಹೊಳೆಯುವ ಕಪ್ಪು ಕೂದಲು, ಕಪ್ಪು ಮುಖ, ಆ ಮುಖದ ಸುತ್ತ ಕೆನ್ನೆಯಿಂದ ಗದ್ದದವರೆಗೆ ಬೂದುಬಿಳಿ ಕೇಸರ, ತುದಿಯಲ್ಲಿ ಸಿಂಹದ ಬಾಲದಂತೆಯೇ ಕುಚ್ಚಿರುವ ಗಿಡ್ಡ ಬಾಲ, ಇವಿಷ್ಟನ್ನು ನೆನಪಿಟ್ಟುಕೊಂಡರೆ ಬೇರಾವ ಕೋತಿಯೊಂದಿಗೂ ಇದನ್ನು ಬೆರೆಸಿಕೊಳ್ಳುವ ಸಂಭವವಿಲ್ಲ. ಪ್ರೌಢ ಗಂಡು ಐದರಿಂದ ಹತ್ತು ಕಿಲೋ, ಹೆಣ್ಣು ಮೂರರಿಂದ ಆರು ಕಿಲೋ ತೂಗುತ್ತದೆ. ಅಂದರೆ ಗಾತ್ರದಲ್ಲಿ ಇದು ನಮ್ಮ ಕಡೆ ಮಂಗ್ಯಾ ಎನ್ನುವ ಕಂದು ಕೋತಿಗಳಿಗಿಂತ ಬಹಳ ದೊಡ್ಡದೇನಲ್ಲ. ಕೇಸರದಿಂದಾಗಿ ದೊಡ್ಡದಾಗಿ ಕಾಣುತ್ತದೆ. ಮರಿಗೆ ಹುಟ್ಟುವಾಗ ಕೇಸರವಿರುವುದಿಲ್ಲ, ಮುಖವೂ ತಿಳಿಬಣ್ಣದ್ದಾಗಿರುತ್ತದೆ. ಹೀಗಾಗಿ ತಾಯಿಯ ಹೊಟ್ಟೆಗೆ ಅಂಟಿಕೊಂಡ ಎಳೆಮರಿಯನ್ನು ದೂರದಿಂದ ನೋಡಿದವರು ಬೇರೆ ಜಾತಿಯದೆಂದು ತಿಳಿಯುವುದುಂಟು.

ಈ ಪ್ರಾಣಿ ಏಕೆ ಅಪಾಯದಲ್ಲಿದೆ ಎಂಬುದಕ್ಕೆ ಕಾಡಿನ ನಾಶವೊಂದೇ ಉತ್ತರವಲ್ಲ, ಅದರ ಸಂತಾನದ ಲೆಕ್ಕವನ್ನೂ ನೋಡಬೇಕು. ಹೆಣ್ಣು ಮೊದಲ ಸಲ ಮರಿ ಹಾಕುವುದು ಸುಮಾರು ಆರು ವರ್ಷ ದಾಟಿದ ಮೇಲೆ. ಗರ್ಭಾವಧಿ ಆರು ತಿಂಗಳಿಗೆ ಹತ್ತಿರ, ಹುಟ್ಟುವುದು ಒಂದೇ ಮರಿ, ಮುಂದಿನ ಮರಿಗೆ ಎರಡೂವರೆಯಿಂದ ಮೂರು ವರ್ಷ. ನಮ್ಮ ಮಂಗ್ಯಾಗಳಲ್ಲಿ ಒಂದು ಹೆಣ್ಣು ಒಂದೆರಡು ವರ್ಷಕ್ಕೊಮ್ಮೆ ಮರಿ ಹಾಕುವುದನ್ನು ಇದಕ್ಕೆ ಹೋಲಿಸಿದರೆ, ಸಿಂಗಳೀಕದ ಗುಂಪೊಂದು ನಾಲ್ಕು ಹೆಣ್ಣುಗಳನ್ನು ಕಳೆದುಕೊಂಡರೆ ಆ ನಷ್ಟವನ್ನು ತುಂಬಿಕೊಳ್ಳಲು ಎಷ್ಟು ಕಾಲ ಬೇಕೆಂಬುದನ್ನು ಓದುಗರೇ ಊಹಿಸಬಹುದು. ಕಾಡಿನಲ್ಲಿ ಉಳಿದಿರುವ ಪ್ರೌಢ ಸಿಂಗಳೀಕಗಳು ಸುಮಾರು 2,500 ಎಂದು ಅಂದಾಜು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿಗಳ ಸಾಲಿನಲ್ಲಿದೆ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯೂ ಇದಕ್ಕಿದೆ.

ಅದು ನಮ್ಮ ಕಡೆ ಏಕಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಉತ್ತರ ಮಳೆಯಲ್ಲಿದೆ. ರಾಯಚೂರು, ಕೊಪ್ಪಳಗಳಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಶರಾವತಿ ಕಣಿವೆಯಲ್ಲಿ ಮುಂಗಾರಿನ ನಾಲ್ಕೇ ತಿಂಗಳಲ್ಲಿ ಅದರ ಐದಾರು ಪಟ್ಟು ಸುರಿಯುತ್ತದೆ. ಆ ನೀರನ್ನು ನಂಬಿ ಎಲೆಯುದುರಿಸದ ಮರಗಳು ಒತ್ತೊತ್ತಾಗಿ ಬೆಳೆದಿವೆ, ಒಂದು ಜಾತಿಯ ಹಣ್ಣು ಮುಗಿಯುವ ಹೊತ್ತಿಗೆ ಇನ್ನೊಂದು ಮಾಗುತ್ತದೆ. ಸಿಂಗಳೀಕದ ಬದುಕು ನಿಂತಿರುವುದು ಈ ಸರದಿಯ ಮೇಲೆ. ಅದು ಹೆಚ್ಚಿನ ಕಾಲವನ್ನು ಮರದ ಮೇಲೆಯೇ ಕಳೆಯುತ್ತದೆ, ನೆಲಕ್ಕಿಳಿಯುವುದು ಕಡಿಮೆ. ಎರಡು ಮರಗಳ ನಡುವೆ ಒಂದು ಅಗಲ ರಸ್ತೆ ಬಂದರೆ ಅಥವಾ ನಾಲ್ಕು ಎಕರೆ ಕಾಡು ಕಡಿದು ಬಯಲಾದರೆ, ಗುಂಪಿನ ಓಡಾಟದ ದಾರಿಯೇ ತುಂಡಾಗುತ್ತದೆ. ನೆಲದ ಮೇಲೆ ಸಲೀಸಾಗಿ ಓಡಾಡಿ, ಜಾಲಿ ಬೀಜದಿಂದ ಹಿಡಿದು ಬಸ್ ನಿಲ್ದಾಣದ ಮಂಡಕ್ಕಿಯವರೆಗೆ ಸಿಕ್ಕಿದ್ದನ್ನೆಲ್ಲ ತಿಂದು ಬದುಕಬಲ್ಲ ನಮ್ಮ ಮಂಗ್ಯಾಗಳಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ.

ಊರಿನಲ್ಲಿ ಮಾಡಬೇಕಾದ ಅಭ್ಯಾಸ

ಒಂದು ನೋಟ್‌ಬುಕ್, ಎರಡು ಪೆನ್ಸಿಲ್, ಸೆಕೆಂಡ್ ಮುಳ್ಳಿರುವ ಕೈಗಡಿಯಾರ, ಸಾಧ್ಯವಾದರೆ ಒಂದು ದುರ್ಬೀನು, ಇಷ್ಟು ಸಾಕು. ಪೆನ್ನಿಗಿಂತ ಪೆನ್ಸಿಲ್ ಲೇಸು. ಮುಂದೆ ಮಲೆನಾಡಿನ ತೇವದಲ್ಲಿ ಶಾಯಿ ಹರಡಿದ ಪುಟವನ್ನು ಯಾರೂ ಓದಲಾರರು. ಕಾಡಿಗೆ 8x40 ಅಥವಾ 8x42 ಅಳತೆಯ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 40 ಅಥವಾ 42 ಮಿಲಿಮೀಟರ್ ಅಗಲದ ಮುಂಗಾಜಿನ ದುರ್ಬೀನು ಸೂಕ್ತ. ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ಕೈಯ ನಡುಕವೂ ದೊಡ್ಡದಾಗುತ್ತದೆ, ನೆರಳಿನ ಕಾಡಿನಲ್ಲಿ ಬೆಳಕೂ ಸಾಲದಾಗುತ್ತದೆ.

ಮೊದಲು ಜಾತಿಗಳನ್ನು ಬೇರ್ಪಡಿಸಲು ಕಲಿಯಿರಿ. ಆನೆಗೊಂದಿಯ ಸುತ್ತ ಎರಡು ಬಗೆಯ ವಾನರಗಳು ಸಿಗುತ್ತವೆ. ನೆತ್ತಿಯ ಮೇಲೆ ಬೈತಲೆ ತೆಗೆದು ಟೊಪ್ಪಿಗೆಯಿಟ್ಟಂತೆ ಕೂದಲಿರುವ, ಉದ್ದ ಬಾಲದ, ಕಂದು ಮೈಯ ಕೋತಿಯೇ ಬಾನೆಟ್ ಕೋತಿ. ನಾವು ಮಂಗ್ಯಾ ಎನ್ನುವುದು ಇದನ್ನೇ. ಬೂದು ಮೈ, ಕರಿಮುಖ, ನೀಳ ಕಾಲುಗಳ ಮುಸ್ಯಾ ಇನ್ನೊಂದು. ಮಂಗ್ಯಾ ಮತ್ತು ಸಿಂಗಳೀಕ ಒಂದೇ ಕುಲಕ್ಕೆ ಸೇರಿದವು, ಎರಡಕ್ಕೂ ಕೆನ್ನೆಯೊಳಗೆ ಆಹಾರ ತುಂಬಿಕೊಳ್ಳುವ ಚೀಲಗಳಿವೆ. ಮುಸ್ಯಾಕ್ಕೆ ಕೆನ್ನೆಚೀಲವಿಲ್ಲ, ಎಲೆಗಳನ್ನು ಕೊಳೆಸಿ ಜೀರ್ಣಿಸುವ ಕೋಣೆಗಳುಳ್ಳ ಹೊಟ್ಟೆ ಅದಕ್ಕಿದೆ. ಪಂಪಾ ಸರೋವರದ ಬಳಿ ಆಲದ ಮರವೊಂದರಲ್ಲಿ ಇವೆರಡೂ ಒಟ್ಟಿಗೆ ತಿನ್ನುತ್ತಿರುವಾಗ ನೋಡಿ. ಮಂಗ್ಯಾ ಹಣ್ಣುಗಳನ್ನು ಗಬಗಬನೆ ಕೆನ್ನೆಗೆ ತುರುಕಿಕೊಂಡು ಸುರಕ್ಷಿತವಾದ ಕೊಂಬೆಗೆ ಹೋಗಿ ಕೂರುತ್ತದೆ. ಆಮೇಲೆ ಮುಂಗೈಯ ಹಿಂಭಾಗದಿಂದ ಉಬ್ಬಿದ ಕೆನ್ನೆಯನ್ನು ಹೊರಗಿನಿಂದ ಒತ್ತಿ, ಒಂದೊಂದೇ ಹಣ್ಣನ್ನು ಬಾಯಿಗೆ ತಂದುಕೊಂಡು ಜಗಿಯುತ್ತದೆ, ಬೀಜಗಳನ್ನು ಉಗುಳುತ್ತದೆ. ಸಿಂಗಳೀಕ ಮಾಡುವುದೂ ಹೀಗೆಯೇ. ತಾಯಿಮರದಿಂದ ದೂರದಲ್ಲಿ ಬೀಜ ಉಗುಳುವ ಈ ಅಭ್ಯಾಸದಿಂದಲೇ ಮಳೆಕಾಡಿನ ಹಲವು ಮರಗಳ ಸಂತಾನ ಹೊಸ ಜಾಗ ಸೇರುತ್ತದೆ. ಕೈಯ ಆ ಒಂದು ಚಲನೆಯನ್ನು ಊರಿನಲ್ಲಿ ಹತ್ತಿರದಿಂದ ನೋಡಿ ಗುರುತಿಟ್ಟುಕೊಂಡವರು ಕಾಡಿನಲ್ಲಿ ಮೂವತ್ತು ಮೀಟರ್ ಕೆಳಗಿನಿಂದಲೂ ಅದನ್ನು ಗುರುತಿಸುತ್ತಾರೆ.

ರಾಯಚೂರಿನ ಓದುಗರಿಗೆ ಇಲ್ಲೊಂದು ಹೆಚ್ಚುವರಿ ಕೆಲಸವಿದೆ. ಉತ್ತರ ಭಾರತದ ರೀಸಸ್ ಕೋತಿ ದಕ್ಷಿಣಕ್ಕೆ ಹಬ್ಬುತ್ತಾ ಬಾನೆಟ್ ಕೋತಿಯ ನೆಲೆಗಳನ್ನು ಆಕ್ರಮಿಸುತ್ತಿದೆ. ಬಾನೆಟ್ ಕೋತಿಯೂ ದಕ್ಷಿಣ ಭಾರತಕ್ಕಷ್ಟೇ ಸೀಮಿತವಾದ ಪ್ರಾಣಿ, ಅದನ್ನೂ ಈಗ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಹುದಾದ ಜಾತಿಯೆಂದು ಸೇರಿಸಲಾಗಿದೆ. ಆದ್ದರಿಂದ ಕೃಷ್ಣೆಯ ದಂಡೆಯ ಊರುಗಳಲ್ಲಿ ಕೋತಿಗುಂಪು ಕಂಡಾಗ ಬಾಲ ಮತ್ತು ನೆತ್ತಿಯನ್ನು ತಪ್ಪದೆ ನೋಡಿ. ಬಾಲ ಗಿಡ್ಡವಾಗಿದ್ದು, ನೆತ್ತಿಯಲ್ಲಿ ಟೊಪ್ಪಿಗೆಯಿಲ್ಲದೆ, ಸೊಂಟದ ಕೆಳಭಾಗ ಕಿತ್ತಳೆಗೆಂಪಾಗಿದ್ದರೆ ಅದು ರೀಸಸ್. ಇಂಥ ದಾಖಲೆಗಳಿಗೆ ತುಂಬ ಬೆಲೆಯಿದೆ.

ನಂತರದ ಪಾಠ ಒಂದೊಂದು ಪ್ರಾಣಿಯನ್ನೂ ಗುರುತಿಸುವುದು. ಸೀಳಿದ ಕಿವಿ, ಮುರಿದ ಬಾಲ, ತುಟಿಯ ಮೇಲಿನ ಗಾಯ, ಕೆಂಪಡರಿದ ಮುಖ, ಇವೇ ಗುರುತುಗಳು. ಹೆಣ್ಣಿನ ಮೊಲೆತೊಟ್ಟು ಉದ್ದವಾಗಿದ್ದರೆ ಅದು ಮರಿ ಹಾಕಿದ ಹೆಣ್ಣು. ಗಂಡಿನ ಭುಜ ಅಗಲ, ಕೋರೆಹಲ್ಲು ಉದ್ದ. ಗುಂಪನ್ನು ಪ್ರೌಢ ಗಂಡು, ಪ್ರೌಢ ಹೆಣ್ಣು, ಹರೆಯದವು, ಮರಿಗಳು ಎಂದು ನಾಲ್ಕು ಭಾಗ ಮಾಡಿ ಎಣಿಸಿ, ಇಬ್ಬರು ಬೇರೆಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡಿ. ಎರಡೂ ಎಣಿಕೆಗಳು ಹೊಂದುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಮುಂದಿನ ಹಂತ ನಡವಳಿಕೆಯ ದಾಖಲೆ. ಕಣ್ಣಿಗೆ ಬಿದ್ದ ಸ್ವಾರಸ್ಯಗಳನ್ನಷ್ಟೇ ಬರೆಯುತ್ತಾ ಹೋದರೆ ಜಗಳ ಮತ್ತು ಆಟಗಳೇ ಪುಟ ತುಂಬುತ್ತವೆ. ಕೋತಿಗಳು ದಿನದ ಬಹುಪಾಲು ಸುಮ್ಮನೆ ಕೂತಿರುತ್ತವೆ ಅಥವಾ ಆಹಾರ ಹುಡುಕುತ್ತಿರುತ್ತವೆ ಎಂಬ ಸತ್ಯ ಮರೆಯಾಗುತ್ತದೆ. ಈ ತೊಡಕಿಗೆ ಜೀನ್ ಆಲ್ಟ್‌ಮನ್ ಎಂಬ ವಿಜ್ಞಾನಿ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ ವಿಧಾನಗಳನ್ನೇ ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಮೊದಲನೆಯದರಲ್ಲಿ ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಗುಂಪನ್ನು ಎಡದಿಂದ ಬಲಕ್ಕೆ ಒಮ್ಮೆ ಕಣ್ಣಾಡಿಸಿ, ಆ ಕ್ಷಣದಲ್ಲಿ ಪ್ರತಿ ಪ್ರಾಣಿ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಬರೆಯಬೇಕು. ಎರಡನೆಯದರಲ್ಲಿ ಒಂದೇ ಪ್ರಾಣಿಯನ್ನು ಆರಿಸಿಕೊಂಡು ಹತ್ತು ನಿಮಿಷ ಅದರ ಪ್ರತಿಯೊಂದು ಕ್ರಿಯೆಯನ್ನೂ ಬರೆಯಬೇಕು, ಪಕ್ಕದಲ್ಲಿ ಎಂಥ ಜಗಳ ನಡೆದರೂ ತಲೆ ತಿರುಗಿಸಬಾರದು. ಈ ಎರಡನೆಯದು ಹೇಳುವಷ್ಟು ಸುಲಭವಲ್ಲ. ಮನಸ್ಸನ್ನು ಹಿಡಿದು ನಿಲ್ಲಿಸುವ ತರಬೇತಿ ನಿಜವಾಗಿ ಸಿಗುವುದು ಇದರಲ್ಲಿಯೇ. ತಿನ್ನುವುದು, ಹುಡುಕುವುದು, ನಡೆಯುವುದು, ಕೂರುವುದು, ಹೇನು ಹೆಕ್ಕುವುದು, ಆಡುವುದು, ಜಗಳವಾಡುವುದು, ಹೀಗೆ ಏಳೆಂಟು ಕ್ರಿಯೆಗಳಿಗೆ ಒಂದೊಂದು ಅಕ್ಷರದ ಸಂಕೇತ ಮಾಡಿಕೊಂಡರೆ ಬರವಣಿಗೆ ವೇಗವಾಗುತ್ತದೆ.

ಅಂಜನಾದ್ರಿಯ 575 ಮೆಟ್ಟಿಲುಗಳ ದಾರಿ ಈ ಅಭ್ಯಾಸಕ್ಕೆ ಒಳ್ಳೆಯ ಜಾಗ, ಆದರೆ ಶನಿವಾರದ ಜನಜಂಗುಳಿಯಲ್ಲಿ ಬೇಡ. ವಾರದ ನಡುವೆ ಬೆಳಗಿನ ಹೊತ್ತು ಹೋಗಿ. ಅಲ್ಲಿ ಭಕ್ತರು ಕೊಡುವ ಬಾಳೆಹಣ್ಣು, ತೆಂಗಿನ ಹೋಳುಗಳಿಗಾಗಿ ಕಾಯುವ ಗುಂಪನ್ನೂ, ಗದ್ದೆಗಳ ಆಚೆ ಬಂಡೆಗಳ ನಡುವೆ ತನ್ನಷ್ಟಕ್ಕೆ ಬದುಕುವ ಗುಂಪನ್ನೂ ಒಂದೇ ವಿಧಾನದಲ್ಲಿ ದಾಖಲಿಸಿ ಹೋಲಿಸಿದರೆ, ಮನುಷ್ಯರ ಕೈಯ ಆಹಾರ ಕೋತಿಯ ದಿನಚರಿಯನ್ನು ಎಷ್ಟು ಬದಲಿಸುತ್ತದೆ ಎಂಬುದು ನಿಮ್ಮದೇ ಪುಟಗಳಲ್ಲಿ ಕಾಣುತ್ತದೆ. ಹನುಮನ ನಾಡಿನಲ್ಲಿ ಕೋತಿಗೆ ಕೊಡುವುದು ಭಕ್ತಿಯ ಭಾಗ, ಆ ಭಾವನೆಯ ಬಗ್ಗೆ ನನಗೆ ಗೌರವವಿದೆ. ಗಮನಿಸಲು ಹೋದವರು ಮಾತ್ರ ಏನನ್ನೂ ಕೊಡಬಾರದು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದಿರಬಾರದು. ಕೋತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನೂ ಹಲ್ಲು ಬಿಟ್ಟು ನಗುವುದನ್ನೂ ಅದು ಬೆದರಿಕೆಯೆಂದೇ ತಿಳಿಯುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಬೇಕು.

ಎಲ್ಲಿಗೆ, ಯಾವಾಗ ಹೋಗಬೇಕು

ಕರ್ನಾಟಕದಲ್ಲಿ ಸಿಂಗಳೀಕಗಳು ಕೊಡಗಿನ ಪುಷ್ಪಗಿರಿ, ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ ಕಾಡುಗಳಲ್ಲಿಯೂ ಇವೆ. ನಮ್ಮ ಕಡೆಯವರಿಗೆ ಹತ್ತಿರವಾದದ್ದು ಮತ್ತು ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಶಿರಸಿ, ಸಿದ್ದಾಪುರ, ಹೊನ್ನಾವರಗಳ ನಡುವಿನ ಕಾಡು. ಈ ಜಾತಿಯ ನೆಲೆಯ ಉತ್ತರದ ಅಂಚು ಇದು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಕಣಿವೆಯಲ್ಲಿ 2011ರಲ್ಲಿ 299.52 ಚದರ ಕಿಲೋಮೀಟರ್ ವಿಸ್ತಾರದ ಸಿಂಗಳೀಕ ಸಂರಕ್ಷಣಾ ಮೀಸಲನ್ನು ಸರ್ಕಾರ ಘೋಷಿಸಿತು. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ವಿಸ್ತರಿಸಿ, 930.16 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರೂಪಿಸಲಾಯಿತು. ಕಾಗದದ ಮೇಲಿನ ಈ ಗಡಿಗಳ ಒಳಗೂ ಒತ್ತಡ ನಿಂತಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯ ಕಣಿವೆಯ ದೊಡ್ಡ ಭಾಗವನ್ನು ಮುಳುಗಿಸಿತು. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಮತ್ತೆ ಕೆಳಕ್ಕೆ ಹರಿಸಿ ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಇದೇ ಅಭಯಾರಣ್ಯದ ಕಾಡನ್ನು ಕೇಳಲಾಗಿದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇಂಥದೇ ಒಂದು ಜಲವಿದ್ಯುತ್ ಯೋಜನೆಯ ವಿರುದ್ಧ 1970ರ ದಶಕದಲ್ಲಿ ಎದ್ದ ಚಳವಳಿಯಲ್ಲಿ ಸಿಂಗಳೀಕವೇ ಕಾಡಿನ ಮುಖವಾಯಿತು, 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಶರಾವತಿಯ ವಿದ್ಯುತ್ತಿನಿಂದ ನಾಡಿನ ಮನೆಗಳು ಬೆಳಗಿವೆಯಾದ್ದರಿಂದ ಈ ಚರ್ಚೆ ಬಯಲುಸೀಮೆಯವರಾದ ನಮಗೂ ಸೇರಿದ್ದು.

ರಾಯಚೂರಿನವರು ಸಿಂಧನೂರು, ಗಂಗಾವತಿಯ ಮೇಲೆ ಕೊಪ್ಪಳಕ್ಕೆ ಬಂದರೆ, ಬಳ್ಳಾರಿಯವರು ಹೊಸಪೇಟೆಯ ಮೇಲೆ ಬಂದರೆ, ಅಲ್ಲಿಂದ ಗದಗ ಮಾರ್ಗದ ರೈಲು ಹುಬ್ಬಳ್ಳಿಗೆ ಒಯ್ಯುತ್ತದೆ. ಹುಬ್ಬಳ್ಳಿಯಿಂದ ಶಿರಸಿಗೆ, ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸುಗಳಿವೆ. ಶಿವಮೊಗ್ಗದ ಮೇಲೆ ಬರುವವರಿಗೆ ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಜೋಗ ಹತ್ತಿರ. ಅಭಯಾರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕಾಲೇಜಿನ ಪತ್ರದೊಂದಿಗೆ ಮುಂಚಿತವಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬರೆಯಿರಿ, ಸ್ಥಳೀಯ ಅರಣ್ಯ ವೀಕ್ಷಕರನ್ನು ಜೊತೆಗೆ ಕೇಳಿ. ಐದಾರು ಜನರಿಗಿಂತ ದೊಡ್ಡ ತಂಡ ಬೇಡ.

ಮುಂಗಾರಿನಲ್ಲಿ ಇಂಬಳಗಳೂ ಮಂಜೂ ಮಳೆಯೂ ಸೇರಿ ಹೊಸಬರಿಗೆ ಏನೂ ಕಾಣದಂತೆ ಮಾಡುತ್ತವೆ. ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆ ಮತ್ತು ನವೆಂಬರ್ ನನ್ನ ಆಯ್ಕೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡು ಒಣಗಿ ನಡೆಯಲು ಸುಲಭವಾದರೂ, ಅದೇ ಮಂಗನ ಕಾಯಿಲೆಯ ಕಾಲ. ಈ ವಿಷಯದಲ್ಲಿ ಬಯಲುಸೀಮೆಯವರು ಅಜ್ಞಾನದಿಂದ ಹೋಗಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣುಗುಗಳ ಕಡಿತದಿಂದ ಹರಡುತ್ತದೆ. ಮುಸ್ಯಾ ಮತ್ತು ಮಂಗ್ಯಾಗಳು ಈ ರೋಗದಿಂದ ಸಾಯುತ್ತವೆ. ಸತ್ತ ಪ್ರಾಣಿಯ ಮೈಯಿಂದ ಉದುರಿದ ಉಣುಗುಗಳು ಆ ಜಾಗದಲ್ಲೆಲ್ಲ ಹರಡಿಕೊಂಡಿರುತ್ತವೆ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಇದರಿಂದ ಪ್ರಾಣ ಕಳೆದುಕೊಂಡರು. ತುಂಬುತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ, ಉಣುಗುಗಳನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲವನ್ನು ತೆರೆದ ಚರ್ಮಕ್ಕೆ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು ಬಟ್ಟೆ ಬದಲಿಸಿ. ಸತ್ತ ಕೋತಿ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ನೀವೇ ಹೇಳಬೇಕು. ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಕೂತ ವೈದ್ಯರಿಗೆ ಈ ರೋಗ ಮೊದಲು ನೆನಪಾಗಲಿಕ್ಕಿಲ್ಲ.

ಕಾಡಿನೊಳಗೆ

ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಕಾಡಿನ ಅಂಚಿನಲ್ಲಿರಿ. ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚಿರಲಿ: ನೂರು ಹೆಜ್ಜೆ ನಡೆದು, ಐದು ನಿಮಿಷ ಕಿವಿಗೊಟ್ಟು ನಿಲ್ಲಬೇಕು. ಸಿಂಗಳೀಕ ಕಾಣುವ ಮೊದಲು ಕೇಳುತ್ತದೆ. ಪ್ರೌಢ ಗಂಡು ಮಾತ್ರ ಹೊರಡಿಸುವ ಜೋರಾದ ‘ಹೂ’ ಎಂಬ ಕೂಗು ಕಣಿವೆಯಾಚೆಗೂ ತಲುಪುತ್ತದೆ. ಗುಂಪು ಎಲ್ಲಿದೆ ಎಂಬುದನ್ನು ನೆರೆಯ ಗುಂಪುಗಳಿಗೆ ಸಾರುವ ಕೂಗು ಅದು. ಮುಸ್ಯಾದ ಗಂಡೂ ಗಟ್ಟಿಯಾಗಿ ಕೂಗುವುದರಿಂದ ಆನೆಗೊಂದಿಯಲ್ಲಿ ಆ ದನಿಯನ್ನು ಮೊದಲೇ ಕಿವಿಗೆ ಮಾಡಿಕೊಂಡಿದ್ದರೆ ಗೊಂದಲವಾಗದು. ಗುಂಪಿನೊಳಗಿನ ಸಣ್ಣ ಸಂಪರ್ಕದ ದನಿಗಳು ಹತ್ತಿರಕ್ಕೆ ಬಂದಾಗಲಷ್ಟೇ ಕೇಳುತ್ತವೆ. ಇದರ ಜೊತೆಗೆ ನೆಲದ ಮೇಲೆ ಹೊಸದಾಗಿ ಬಿದ್ದ, ಅರ್ಧ ಕಚ್ಚಿದ ಹಣ್ಣುಗಳನ್ನು ನೋಡಿ. ಗಾಳಿಯಿಲ್ಲದಿರುವಾಗ ಒಂದೇ ಕೊಂಬೆ ತೂಗಿದರೆ ಅಲ್ಲಿಗೆ ದುರ್ಬೀನು ತಿರುಗಿಸಿ. ಕ್ಯಾಸಳಿಲು ಮತ್ತು ಮಂಗಟ್ಟೆ ಹಕ್ಕಿಗಳೂ ಇದೇ ಹಣ್ಣುಗಳನ್ನು ಹುಡುಕುವುದರಿಂದ, ಅವು ನೆರೆದ ಮರದ ಬಳಿ ಕಾಯುವುದು ಒಳ್ಳೆಯದು.

ಗುಂಪು ಸಿಕ್ಕ ಮೇಲೆ ಅದರ ಕೆಳಗೆ ನುಗ್ಗಬೇಡಿ. ಓರೆಯಾಗಿ ಕಾಣುವ ದೂರದಲ್ಲಿ ನಿಂತು, ಅವು ನಿಮ್ಮನ್ನು ನೋಡಿ ಮತ್ತೆ ತಮ್ಮ ಕೆಲಸಕ್ಕೆ ಮರಳುವವರೆಗೆ ಅಲುಗಾಡದೆ ಇರಿ. ಎಲ್ಲವೂ ತಿನ್ನುವುದನ್ನು ಬಿಟ್ಟು ನಿಮ್ಮತ್ತಲೇ ನೋಡುತ್ತಿದ್ದರೆ ನೀವು ತೀರ ಹತ್ತಿರ ಹೋಗಿದ್ದೀರಿ. ಅವು ದಿನಕ್ಕೆ ಒಂದೆರಡು ಕಿಲೋಮೀಟರಿನಷ್ಟು ಸಾಗುವುದರಿಂದ, ಕಾದು ನಿಂತವರಿಗೆ ಮತ್ತೆ ಕಾಣಸಿಗುತ್ತವೆ, ಬೆನ್ನಟ್ಟಿದವರಿಂದ ದೂರವಾಗುತ್ತವೆ.

ಎಣಿಕೆಗೆ ಸರಿಯಾದ ಸಮಯ, ಗುಂಪು ಒಂದು ಮರದಿಂದ ಇನ್ನೊಂದಕ್ಕೆ ಒಂದೇ ಕೊಂಬೆಯ ಮೂಲಕ ದಾಟುವ ಹೊತ್ತು. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಪ್ರಾಣಿಗಳಿರುತ್ತವೆ, ಕೆಲವು ಗುಂಪುಗಳು ಇನ್ನೂ ದೊಡ್ಡವು. ಮಂಗ್ಯಾ ಗುಂಪಿನಲ್ಲಿ ಹಲವು ಪ್ರೌಢ ಗಂಡುಗಳನ್ನು ನೋಡಿ ರೂಢಿಯಾದವರಿಗೆ ಇಲ್ಲಿ ಬಹಳ ಸಲ ಒಂದೇ ಗಂಡು ಕಾಣುವುದು ವಿಶೇಷವೆನಿಸುತ್ತದೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಬೆಳೆದ ಗಂಡುಗಳು ಬೇರೆ ಗುಂಪಿಗೆ ಹೋಗುತ್ತವೆ. ಒಂದು ಕಾಡಿನ ತುಣುಕು ಇನ್ನೊಂದರಿಂದ ಕಡಿದುಹೋದರೆ ಆ ಗಂಡುಗಳಿಗೆ ಹೋಗಲು ದಾರಿಯಿಲ್ಲ, ಹೊಸ ರಕ್ತ ಒಳಬರುವುದೂ ನಿಲ್ಲುತ್ತದೆ.

ಆಹಾರದ ದಾಖಲೆಯೇ ಎಲ್ಲಕ್ಕಿಂತ ಉಪಯುಕ್ತ ಎಂದು ನಾನು ಭಾವಿಸುತ್ತೇನೆ. ತಿಂದದ್ದು ಹಣ್ಣೋ, ಬೀಜವೋ, ಹೂವೋ, ಎಳೆಯ ಚಿಗುರೋ, ಕೀಟವೋ ಎಂದು ಬರೆಯಿರಿ. ಮರದ ಹೆಸರು ಗೊತ್ತಿಲ್ಲದಿದ್ದರೆ ಎಲೆ, ತೊಗಟೆ, ಬಿದ್ದ ಹಣ್ಣುಗಳ ಚಿತ್ರ ತೆಗೆದುಕೊಂಡು ಊರಿನವರನ್ನು ಕೇಳಿ. ಹಲಸು, ಹೆಬ್ಬಲಸು, ಆಲ ಅತ್ತಿಯ ಜಾತಿಗಳು, ಬೈನೆ, ಉಪ್ಪಾಗೆ, ರಾಮಪತ್ರೆ ಮೊದಲಾದ ಹೆಸರುಗಳು ಸಿದ್ದಾಪುರದ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿವೆ. ಕೀಟಗಳನ್ನು ಹುಡುಕುವಾಗ ಸಿಂಗಳೀಕ ತೊಗಟೆ ಕೀಳುತ್ತದೆ, ಸುರುಳಿಸುತ್ತಿದ ಎಲೆಯನ್ನು ಬಿಚ್ಚುತ್ತದೆ. ಮೈತುಂಬ ರೋಮವಿರುವ ಕಂಬಳಿಹುಳು ಸಿಕ್ಕರೆ ಒಂದು ಎಲೆಯನ್ನು ಕಿತ್ತು, ಹುಳುವನ್ನು ಅದರಲ್ಲಿ ಸುತ್ತಿ, ಉಜ್ಜಿ ಉಜ್ಜಿ ರೋಮ ತೆಗೆದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ಉಪಕರಣ ಬಳಕೆಯ ಸರಳ ಉದಾಹರಣೆಯೆಂದು ದಾಖಲಿಸಿದ್ದಾರೆ. ಇಂಥದನ್ನು ಕಂಡರೆ ಗಂಟೆ, ಮರದ ಹೆಸರು, ಎಷ್ಟು ಹೊತ್ತು ಉಜ್ಜಿತು, ಪಕ್ಕದಲ್ಲಿ ನೋಡುತ್ತಿದ್ದ ಮರಿ ಏನು ಮಾಡಿತು ಎಂಬುದನ್ನೆಲ್ಲ ಬರೆದುಕೊಳ್ಳಿ.

ಉಪ್ಪಾಗೆಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಮುಂಗಾರಿನಲ್ಲಿ ಮಾಗುವ ಈ ಹುಳಿಹಣ್ಣಿನ ಸಿಪ್ಪೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿದೆ, ಅಲ್ಲಿನ ಬಡ ಕುಟುಂಬಗಳಿಗೆ ಅದು ಮಳೆಗಾಲದ ಆದಾಯ. ಅದೇ ಹಣ್ಣು ಸಿಂಗಳೀಕದ ಆಹಾರವೂ ಹೌದು. ಎಳೆಯದಿರುವಾಗಲೇ ಕೊಂಬೆ ಸಮೇತ ಕೊಯ್ದರೆ ಇಬ್ಬರಿಗೂ ನಷ್ಟ. ಬಿಸಿಲಿಲ್ಲದ ತಿಂಗಳುಗಳಲ್ಲಿ ಸಿಪ್ಪೆ ಒಣಗಿಸಲು ಒಲೆ ಉರಿಸಬೇಕಾಗುವುದರಿಂದ ಕಾಡಿನ ಸೌದೆಯೂ ಬಹಳ ಸುಡುತ್ತದೆ. ಹಳ್ಳಿಯವರೊಂದಿಗೆ ಮಾತಾಡುವಾಗ ತಪ್ಪು ಹುಡುಕುವ ಧಾಟಿ ಬೇಡ. ‘ಈ ಸಲ ಉಪ್ಪಾಗೆ ಹೇಗೆ ಬಂದಿದೆ, ಹೆಗಡೇರೇ? ಸಿಂಗಳೀಕ ಯಾವ ತಿಂಗಳಲ್ಲಿ ತೋಟದ ಕಡೆ ಬರ್ತದೆ?’ ಎಂದು ಕೇಳಿದರೆ, ಹತ್ತು ದಿನ ಕಾಡು ಸುತ್ತಿದರೂ ಸಿಗದ ಮಾಹಿತಿ ಒಂದು ಲೋಟ ಕಷಾಯದ ಹೊತ್ತಿನಲ್ಲಿ ಸಿಗುತ್ತದೆ. ಕೇಳಿದ್ದನ್ನು ಕಂಡದ್ದರೊಂದಿಗೆ ಬೆರೆಸದೆ ನೋಟ್‌ಬುಕ್ಕಿನ ಬೇರೆ ಪುಟದಲ್ಲಿ ಬರೆಯಿರಿ.

ರಸ್ತೆ ಬದಿಯ ಸಿಂಗಳೀಕಗಳು

ಆಗುಂಬೆ ಘಾಟಿಯಂಥ ಕಡೆಗಳಲ್ಲಿ ಪ್ರವಾಸಿಗರು ಎಸೆಯುವ ತಿನಿಸಿಗಾಗಿ ಸಿಂಗಳೀಕಗಳು ರಸ್ತೆಗಿಳಿಯತೊಡಗಿವೆ. ಇದನ್ನು ಕಂಡಾಗ ನನಗಾಗುವ ಸಂಕಟವನ್ನು ಮುಚ್ಚಿಡಲಾರೆ. ಮರದ ಮೇಲಿನ ಬದುಕಿಗೆ ಒಗ್ಗಿದ ಪ್ರಾಣಿ ಡಾಂಬರಿನ ಮೇಲೆ ಕೂತು ಚಿಪ್ಸಿನ ಪೊಟ್ಟಣ ಹರಿಯುವುದು, ತಿರುವಿನಲ್ಲಿ ಬಂದ ವಾಹನಕ್ಕೆ ಸಿಕ್ಕಿ ಸಾಯುವುದು, ಎರಡೂ ಆ ಒಂದು ಎಸೆತದ ಫಲ. ಅಂಥ ಪ್ರಾಣಿಯ ಹತ್ತಿರದ ಫೋಟೊ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ವಾಹನ ನಿಲ್ಲಿಸಬೇಡಿ. ನೀವು ನಿಲ್ಲಿಸಿದರೆ ನಿಮ್ಮ ಹಿಂದಿನವರೂ ನಿಲ್ಲಿಸುತ್ತಾರೆ. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವೆ ಉಳಿದ ಪುದುತೋಟ್ಟಂ ಎಂಬ ಸಣ್ಣ ಕಾಡಿನ ಸಿಂಗಳೀಕಗಳಿಗೆ ರಸ್ತೆ ದಾಟಲು ಮರದಿಂದ ಮರಕ್ಕೆ ಸೇತುವೆಗಳನ್ನು ಕಟ್ಟಿದ್ದಾರೆ, ಪ್ರಾಣಿಗಳು ಅವನ್ನು ಬಳಸುತ್ತಿವೆ. ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಇನ್ನೂ ಕೂಡಿಕೊಂಡಿರುವ ಜಾಗಗಳು ನಮ್ಮ ಘಟ್ಟದ ದಾರಿಗಳಲ್ಲಿ ಹಲವಿವೆ. ಅವುಗಳನ್ನು ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಗುರುತಿಸಿ ಅರಣ್ಯ ಕಚೇರಿಗೆ ಕೊಡುವುದು ಯಾವ ವಿದ್ಯಾರ್ಥಿ ತಂಡವೂ ಒಂದು ದಿನದಲ್ಲಿ ಮಾಡಬಹುದಾದ ಕೆಲಸ, ರಸ್ತೆ ಅಗಲೀಕರಣದ ಮಾತು ಬಂದಾಗ ಆ ಪಟ್ಟಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮರಳಿದ ಮೇಲೆ

ಟಿಪ್ಪಣಿಗಳನ್ನು ಅದೇ ರಾತ್ರಿ ಶುದ್ಧವಾಗಿ ಬರೆದಿಡಬೇಕು. ಪ್ರತಿ ದಾಖಲೆಗೂ ದಿನಾಂಕ, ಸಮಯ, ಜಾಗ, ಹವೆ, ನೋಡಿದವರ ಹೆಸರು, ಗುಂಪಿನ ಎಣಿಕೆ, ಎಣಿಕೆ ಪೂರ್ಣವೋ ಅಪೂರ್ಣವೋ, ಆಹಾರ, ಹೋದ ದಿಕ್ಕು ಇರಲಿ. ಸಿಂಗಳೀಕ ಕಾಣದೆ ಹೋದ ದಿನವನ್ನೂ ಎಷ್ಟು ಗಂಟೆ ಹುಡುಕಿದಿರಿ ಎಂಬುದರೊಂದಿಗೆ ಬರೆಯಿರಿ. ಕಾಣಲಿಲ್ಲ ಎಂಬುದೂ ದಾಖಲೆಯೇ. ಜಾಲತಾಣಗಳಲ್ಲಿ ಫೋಟೊ ಹಾಕುವಾಗ ನಿಖರವಾದ ಜಾಗವನ್ನು ತೋರಿಸಬೇಡಿ, ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಗುರುತನ್ನು ಮೊದಲೇ ಆರಿಸಿಡಿ. ಐನ್ಯಾಚುರಲಿಸ್ಟ್‌ನಂಥ ವೇದಿಕೆಗಳು ಅಪಾಯದಲ್ಲಿರುವ ಜಾತಿಗಳ ಜಾಗವನ್ನು ತಾವಾಗಿಯೇ ಮಸುಕುಗೊಳಿಸುತ್ತವೆ, ಆದ್ದರಿಂದ ಅಲ್ಲಿ ಹಾಕುವುದು ಕ್ಷೇಮ. ನಿಖರ ಜಾಗವಿರುವ ಪೂರ್ಣ ಟಿಪ್ಪಣಿಯ ಒಂದು ಪ್ರತಿಯನ್ನು, ನಿಮಗೆ ಅನುಮತಿ ಕೊಟ್ಟ ವಲಯ ಅರಣ್ಯ ಕಚೇರಿಗೆ ತಿಂಗಳೊಳಗೆ ಅಂಚೆಯಲ್ಲಿ ಕಳುಹಿಸಿ. ಮುಂದಿನ ವರ್ಷ ಅದೇ ಕಾಲೇಜಿನಿಂದ ಬೇರೆ ತಂಡ ಹೊರಡುವಾಗ, ಅದೇ ದಾರಿಯಲ್ಲಿ, ಅದೇ ತಿಂಗಳಲ್ಲಿ, ಅದೇ ವಿಧಾನದಲ್ಲಿ ಎಣಿಸುವಂತೆ ಅವರಿಗೆ ನಿಮ್ಮ ನೋಟ್‌ಬುಕ್ಕನ್ನೇ ಕೊಟ್ಟು ಕಳುಹಿಸಿ.